ಬಯೋಲಾಜಿಕ್ ಸೂಜಿ ಯಾವ್ದು ಆರಿಸ್ಕೊಳ್ಳೋದು: ಕೀಲುಬಾವಿನ ಜಡ್ಡು ಇರೋ ಮನಿಯವರಿಗೆ

ಡಾಕ್ಟ್ರು "ಇನ್ನ ಬಯೋಲಾಜಿಕ್ ಶುರು ಮಾಡೂಣ್ರಿ" (ಅಂದ್ರ ಬಾವು ತರೋ ಒಂದೊಂದು ರಾಸಾಯನಿಕ ಇಲ್ಲಾ ಕಣಕ್ಕ ಗುರಿ ಇಟ್ಟು ತಡಿಯೋ, ಜೀವಕೋಶದಾಗ ತಯಾರಿಸೋ ಔಷಧ) ಅಂದ ಕೂಡ್ಲೇ ಎಲ್ಲಾರ ಮನ್ಯಾಗೂ ಬರೋ ಮೊದಲನೇ ಪ್ರಶ್ನಿ ಒಂದ, ಇವುಗಳೊಳಗ ಸ್ಟ್ರಾಂಗ್ ಯಾವ್ದು? ನಮ್ಮತ್ತಿಯವರಿಗೆ ರುಮಟಾಯ್ಡ್ ಆರ್ಥ್ರೈಟಿಸ್, ನಮ್ಮ ತಮ್ಮಗ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಇಬ್ಬರ ಫೈಲೂ ನನ್ನ ಕೈಯಾಗ ಇರ್ತಾವ, ಬಾಗಲಕೋಟಿಯಿಂದ ಬೆಳಗಾವಿ ಮಟ ಅಡ್ಡಾಡಿದ್ದೂ ನಾನ. ಅಷ್ಟರ ಮ್ಯಾಲ ಹೇಳ್ತೀನಿ, ಆ ಪ್ರಶ್ನಿ ಬಿಟ್ಟು ಬ್ಯಾರೆ ಪ್ರಶ್ನಿ ಕೇಳ್ರಿ. ಮೆಥೋಟ್ರೆಕ್ಸೇಟ್ ಅನ್ನೋ ಮೊದಲನೇ ಗುಳಿಗಿ ಸಾಲದೇ ಹೋದ ರುಮಟಾಯ್ಡ್ ಪೇಷಂಟ್‌ಗಳಿಗೆ ಈ ಸೂಜಿಗಳ ತಾಕತ್ತು ಹೆಚ್ಚುಕಡಿಮಿ ಒಂದ ಮಟ್ಟದ್ದು ಅಂತ ಯುರೋಪಿನ ರುಮಟಾಲಜಿ (ಕೀಲುಬಾವಿನ ಜಡ್ಡಿನ ವೈದ್ಯಕೀಯ) ಮಾರ್ಗಸೂಚಿನೂ ಹೇಳ್ತೈತಿ. ಫರಕ್ ಬರೋದು ಬ್ಯಾರೆ ಕಡೆ: ನಿಮ್ಮ ಜಡ್ಡು ಯಾವ ಜಾತಿದು, ಮೈಯಾಗ ಟಿಬಿ ಅಡಗೇತೇನು, ಲಿವರ್ ಹೆಂಗೈತಿ, ಕಣ್ಣು ಕೆಂಪಾಗ್ತಾವೇನು, ಮತ್ತ ಎಲ್ಲಾಕಿಂತ ದೊಡ್ಡದು, ಆ ಸೂಜಿನ ಎರಡು ವರ್ಷ ಬಿಡದ ನಡೆಸಾಕ ನಿಮ್ಮ ಕೈಲೆ ಆಗ್ತೈತೇನು. ಮೂರು ತಿಂಗಳು ತಗೊಂಡು ರೊಕ್ಕ ತೀರಿತಂತ ಬಿಡೋ ತುಟ್ಟಿ ಸೂಜಿಗಿಂತ ಬಿಡದ ನಡಿಯೋ ಸೋವಿ ಸೂಜಿ ಕೀಲು ಉಳಿಸ್ತೈತಿ, ಇದರ ಬಗ್ಗೆ ನನಗ ಯಾವ ಅನುಮಾನನೂ ಇಲ್ಲ.

ಮೊದಲ ಜಡ್ಡು ಗಟ್ಟಿ ಮಾಡ್ಕೊಳ್ರಿ

ನಮ್ಮ ಕಡೆ ಎಲ್ಲಾದಕ್ಕೂ "ವಾಯು ಆಗೇತಿ", "ಸಂದು ಹಿಡದಾವ" ಅಂದು ಬಿಡ್ತಾರ, ಆದ್ರ ಬಯೋಲಾಜಿಕ್ ವಿಷಯದಾಗ ಹೆಸರು ಪಕ್ಕಾ ಆಗಲಿಲ್ಲಂದ್ರ ಆರಿಸೋ ಮಾತ ಬರಂಗಿಲ್ಲ. ರುಮಟಾಯ್ಡ್ ಅಂದ್ರ ಸಾಮಾನ್ಯಕ್ಕ ಎರಡೂ ಕೈಯಿನ ಸಣ್ಣ ಗೆಣ್ಣು, ಮಣಿಕಟ್ಟು ಬಾತುಕೊಂಡು ಮುಂಜಾನೆ ಎದ್ದಾಗ ಬಿಗಿ ಹಿಡಿಯೋದು, ರಕ್ತದಾಗ ಆರ್‌ಎಫ್, ಆಂಟಿ ಸಿಸಿಪಿ ಅನ್ನೋ ಆಂಟಿಬಾಡಿ ನೋಡ್ತಾರ. ನಮ್ಮತ್ತಿಯವರಿಗೆ ಮುಂಜಾನೆ ಮುಷ್ಟಿ ಕಟ್ಟಾಕ ಬರ್ತಿದ್ದಿಲ್ಲ, ರೊಟ್ಟಿ ಹಿಟ್ಟು ನಾದೋದು ಹೆಂಗೋ ಆಗ್ತಿತ್ತು, ಆದ್ರ ಬಡಿಯಾಕ ಕೈ ಎತ್ತಿದ್ರ ಮಣಿಕಟ್ಟಿನಾಗ ಚುರ್ ಅಂತಿತ್ತು, ಅದಕ್ಕ ಬಿಸಿ ನೀರಾಗ ಕೈ ಅದ್ದಿಕೊಂಡು ಕುಂತು ಹೊತ್ತೇರಿದ ಮ್ಯಾಲ ಒಲಿ ಮುಂದ ಕೂಡೋರು. ತಮ್ಮಂದು ಪೂರಾ ಬ್ಯಾರೆ, ಸಣ್ಣ ವಯಸ್ಸಿನಾಗ ಶುರುವಾದ ನಡುಬ್ಯಾನಿ, ರಾತ್ರಿ ಮಲಗಿದಾಗ ಜಾಸ್ತಿ, ಎದ್ದು ಅಡ್ಡಾಡಿದ್ರ ಕಡಿಮಿ. ಎಚ್‌ಎಲ್‌ಎ ಬಿ27 ಅನ್ನೋ ಜೀನಿನ ಟೆಸ್ಟು, ಸೊಂಟದ ಎಂಆರ್‌ಐ ಆದ ಮ್ಯಾಲನ ಹೆಸರು ಸಿಕ್ಕಿತು. ಮೂರನೇದು ಸೋರಿಯಾಸಿಸ್ ಅನ್ನೋ ಚರ್ಮದ ಜಡ್ಡಿನ ಜೋಡಿ ಬರೋ ಆರ್ಥ್ರೈಟಿಸ್, ಬೆರಳು ಪೂರಾ ದಪ್ಪ ಆಗಿ ಬಾಯೋದು, ಉಗುರಿನಾಗ ಸಣ್ಣ ಸಣ್ಣ ಕುಳಿ ಬೀಳೋದು. ತಲಿಯಾಗ, ಕಿವಿ ಹಿಂದ, ಹೊಕ್ಕಳದಾಗ ಪೊರಿ ಏಳ್ತಿದ್ರ ನಾಚಿಕಿ ಬಿಟ್ಟು ತೋರಸ್ರಿ, ಔಷಧ ಆರಿಸೋದು ಅದರ ಮ್ಯಾಲೂ ನಿಂತಿರ್ತೈತಿ.

ನಮ್ಮ ಭಾಗಕ್ಕ ಎರಡು ಮಾತು ಜಾಸ್ತಿ ಹೇಳಬೇಕು. ಒಂದು ಚಿಕೂನ್‌ಗುನ್ಯಾ. 2006ರಾಗ ಕರ್ನಾಟಕದ ಹಳ್ಳಿಹಳ್ಳಿಗೂ ಹಬ್ಬಿತ್ತು, ಈಗೂ ಮಳಿಗಾಲದಾಗ ಬರ್ತೈತಿ, ಅದು ಬಂದು ಹೋದ ಮ್ಯಾಲ ತಿಂಗಳುಗಟ್ಟಲೆ ಕೀಲು ಬಾಯ್ತಾವ, ನೋಡಾಕ ಥೇಟ್ ರುಮಟಾಯ್ಡ್ ಹಂಗ ಕಾಣ್ತೈತಿ. ಎರಡನೇದು ಬ್ರುಸೆಲ್ಲಾ, ಕುರಿ ಆಡು ಎಮ್ಮಿ ಸಾಕೋ ಮನ್ಯಾಗ, ಕಾಸಲಾರದ ಹಾಲು ಕುಡಿದವರಿಗೆ ಬರೋ ಜ್ವರ, ಅದೂ ಸೊಂಟದ ಕೀಲಿಗೆ ಬಾವು ತರ್ತೈತಿ, ಆಂಕಿಲೋಸಿಂಗ್ ಅಂತ ಮೋಸ ಹೋಗಬಹುದು. ಇದು ಬ್ಯಾಕ್ಟೀರಿಯಾ ಜಡ್ಡು, ಇದಕ್ಕ ಆಂಟಿಬಯೋಟಿಕ್ ಬೇಕು, ಇದರ ಮ್ಯಾಲ ರೋಗನಿರೋಧಕ ಶಕ್ತಿ ತಗ್ಗಿಸೋ ಸೂಜಿ ಹಾಕಿದ್ರ ಕೆಲಸ ಕೆಡ್ತೈತಿ. ಹಂಗಾಗಿ ಮನ್ಯಾಗ ಕುರಿ ಅದಾವ, ಹಸಿ ಹಾಲು ಕುಡಿಯೋ ರೂಢಿ ಐತಿ ಅನ್ನೋದನ್ನ ಡಾಕ್ಟ್ರು ಕೇಳಲಿ ಬಿಡಲಿ ನೀವ ಹೇಳ್ರಿ.

ಹಳೆ ಗುಳಿಗಿ ಪೂರಾ ನೋಡೀರೇನು

ಬಯೋಲಾಜಿಕ್ ಅನ್ನೋದು ಎರಡನೇ ಮೆಟ್ಲು. ರುಮಟಾಯ್ಡ್‌ಗೆ ಮೊದಲನೇ ಮೆಟ್ಲು ಮೆಥೋಟ್ರೆಕ್ಸೇಟ್, ವಾರಕ್ಕ ಒಂದ ದಿನ (ದಿನಾ ಅಲ್ರಿ, ದಿನಾ ತಗೊಂಡು ಜೀವಕ್ಕ ಬಂದವರಿದ್ದಾರ), ಜೋಡಿ ಫೋಲಿಕ್ ಆಸಿಡ್. ಭಾಳ ಮಂದಿ ಸಣ್ಣ ಡೋಸಿನಾಗ ಎರಡು ತಿಂಗಳು ತಗೊಂಡು "ಹತ್ತಲಿಲ್ಲ" ಅಂತ ಬಿಟ್ಟಿರ್ತಾರ, ಅದನ್ನ ಫೇಲ್ ಅನ್ನಾಕ ಬರಂಗಿಲ್ಲ. ಮೂರು ತಿಂಗಳಿಗೆ ಸುಧಾರಣಿ ಕಾಣಬೇಕು, ಆರು ತಿಂಗಳಿಗೆ ಗುರಿ ಮುಟ್ಟಬೇಕು, ಇದು ಲೆಕ್ಕ. ಮೆಥೋಟ್ರೆಕ್ಸೇಟ್, ಸಲ್ಫಾಸಲಾಜಿನ್, ಹೈಡ್ರಾಕ್ಸಿಕ್ಲೋರೋಕ್ವಿನ್ ಮೂರೂ ಕೂಡಿಸಿ ಕೊಡೋ ಟ್ರಿಪಲ್ ಥೆರಪಿನ ಎಟಾನರ್ಸೆಪ್ಟ್ ಅನ್ನೋ ಬಯೋಲಾಜಿಕ್ ಸೂಜಿ ಜೋಡಿ ಹೋಲಿಸಿ ಅಮೆರಿಕಾದಾಗ ಮಾಡಿದ ರಾಕ್ಯಾಟ್ ಅನ್ನೋ ಸ್ಟಡಿ 2013ರಾಗ ಬಂತು, ಟ್ರಿಪಲ್ ಗುಳಿಗಿ ಏನೂ ಹಿಂದ ಬೀಳಲಿಲ್ಲ. ಕೈಯಾಗ ರೊಕ್ಕ ಇಲ್ಲದವರು ಇದನ್ನ ಡಾಕ್ಟ್ರ ಮುಂದ ಬಾಯಿಬಿಟ್ಟು ಕೇಳಬೇಕು, ಸಾವಿರಾರು ರೂಪಾಯಿ ಉಳಿತಾವ.

ಆದ್ರ ತಮ್ಮನಂಥವರಿಗೆ ಈ ಮಾತು ಹೊಂದಂಗಿಲ್ಲ. ಬರೇ ಬೆನ್ನುಮೂಳಿಯಾಗ ಇರೋ ಆಂಕಿಲೋಸಿಂಗ್‌ಗೆ ಮೆಥೋಟ್ರೆಕ್ಸೇಟ್ ಕೆಲಸ ಮಾಡಂಗಿಲ್ಲ. ಅಲ್ಲಿ ಬ್ಯಾನಿ ಗುಳಿಗಿ, ವ್ಯಾಯಾಮ ಪೂರಾ ನೋಡಿ, ಅದರಲೆ ಆಗಲಿಲ್ಲಂದ್ರ ಸೀದಾ ಬಯೋಲಾಜಿಕ್ ಇಲ್ಲಾ ಜ್ಯಾಕ್ ಗುಳಿಗಿನ (ಅದರ ಮಾತು ಮುಂದ ಬರ್ತೈತಿ).

ಇನ್ನ ಸಂತಿಯಾಗ ಸಿಗೋ ಪುಡಿ, "ಒಂದ ಸೂಜಿಗೆ ಬ್ಯಾನಿ ಮಾಯ" ಅನ್ನೋ ಊರ ಡಾಕ್ಟ್ರ ಸೂಜಿ, ಇವುಗಳೊಳಗ ಬಹಳ ಸಲ ಸ್ಟೆರಾಯ್ಡ್ ಇರ್ತೈತಿ. ಬಾವು ಇಳಿತೈತಿ, ಒಳಗ ಎಲುಬು ಸವಿತಾವ, ಸಕ್ಕರಿ ಏರತೈತಿ. ಅಂಥದ್ದು ತಗೋತಿದ್ರ ಮುಚ್ಚಿಡಬ್ಯಾಡ್ರಿ, ಭಾಳ ದಿನ ತಗೊಂಡಿದ್ದ ಸ್ಟೆರಾಯ್ಡ್‌ನ ಒಮ್ಮೆಲೆ ನಿಲ್ಲಸಾಕೂ ಬರಂಗಿಲ್ಲ.

ಟಿಬಿ ಟೆಸ್ಟ್, ಇದನ್ನ ಬಿಟ್ಟು ಮುಂದ ಹೋಗಬ್ಯಾಡ್ರಿ

ಟಿಎನ್‌ಎಫ್ ಅನ್ನೋ ರಾಸಾಯನಿಕ ಕೀಲಿನಾಗ ಬಾವು ತರ್ತೈತಿ ನಿಜ, ಆದ್ರ ಅದ ಟಿಎನ್‌ಎಫ್ ನಮ್ಮ ಪುಪ್ಪುಸದಾಗ ಅಡಗಿ ಕುಂತಿರೋ ಟಿಬಿ ಕ್ರಿಮಿ ಸುತ್ತ ಬೇಲಿ ಕಟ್ಟಿ ಕಾಯ್ತಿರ್ತೈತಿ. ಸೂಜಿ ಹಾಕಿ ಟಿಎನ್‌ಎಫ್ ತಡದ್ರ ಬೇಲಿ ಸಡಲಾಗಿ ಕ್ರಿಮಿ ಹೊರಗ ಬರಬಹುದು. ನಮ್ಮ ದೇಶದಾಗ ಟಿಬಿ ಎಷ್ಟು ಐತಿ ಅಂತ ಎಲ್ಲಾರಿಗೂ ಗೊತ್ತು, ಹಂಗಾಗಿ ಎದಿ ಎಕ್ಸ್‌ರೇ, ಮಾಂಟೂ ಅನ್ನೋ ಚರ್ಮದ ಟೆಸ್ಟು ಇಲ್ಲಾ ಇಗ್ರಾ ಅನ್ನೋ ರಕ್ತದ ಟೆಸ್ಟು, ಜೋಡಿ ಹೆಪಟೈಟಿಸ್ ಬಿ, ಸಿ, ಎಚ್‌ಐವಿ, ಲಿವರ್, ಕಿಡ್ನಿ, ಬಿಳಿ ಕಣ ಎಣಿಕಿ ಇಷ್ಟೂ ಆಗಬೇಕು. ಸಣ್ಣವರಿದ್ದಾಗ ಬಿಸಿಜಿ ಹಾಕಿಸಿಕೊಂಡವರಿಗೆ ಮಾಂಟೂ ಸುಮ್ಮನ ಪಾಸಿಟಿವ್ ತೋರಸಬಹುದು, ಆವಾಗ ಇಗ್ರಾ ಉಪಯೋಗಕ್ಕ ಬರ್ತೈತಿ. ನಮ್ಮತ್ತಿಯವರದು ಪಾಸಿಟಿವ್ ಬಂತು, ಅವರ ಮನ್ಯಾಗ ಹಿಂದ ಒಬ್ಬರಿಗೆ ಟಿಬಿ ಆಗಿತ್ತು. ಸೂಜಿ ಮುಂದಕ್ಕ ಹಾಕಿ ಐಸೋನಿಯಾಜಿಡ್ ಅನ್ನೋ ಟಿಬಿ ಗುಳಿಗಿ ಶುರು ಮಾಡಿದ್ರು. ಕನಿಷ್ಠ ಒಂದು ತಿಂಗಳು ಅದನ್ನ ತಗೊಂಡ ಮ್ಯಾಲ ಬಯೋಲಾಜಿಕ್ ಶುರು ಮಾಡ್ತಾರ, ಗುಳಿಗಿ ಮಾತ್ರ ಆರು ತಿಂಗಳು ಪೂರಾ ತಗೋಬೇಕು. ವಾರಕ್ಕೊಮ್ಮೆ ಹನ್ನೆರಡು ವಾರ ತಗೊಳ್ಳೋ ಜೋಡಿ ಗುಳಿಗಿನೂ ಐತಿ. ಬ್ಯಾನಿ ತಿನ್ನೋವಾಗ ಒಂದು ತಿಂಗಳು ಕಾಯೋದು ಭಾಳ ಕಷ್ಟ, ನಾನೂ ಕಣ್ಣಾರೆ ನೋಡೀನಿ, ಆದ್ರೂ ಕಾಯಬೇಕು.

ಟಿಎನ್‌ಎಫ್ ತಡಿಯೋ ಸೂಜಿಗಳು

ಈ ಎಲ್ಲಾ ಔಷಧಗಳ ದಾರಿ ಶುರುವಾಗಿದ್ದು ಲಂಡನ್ನಿನಾಗ, ಲುಧಿಯಾನಾದಾಗ ಹುಟ್ಟಿದ ರವಿಂದರ್ ಮೈನಿ ಮತ್ತ ಮಾರ್ಕ್ ಫೆಲ್ಡ್‌ಮನ್ ಇಬ್ಬರೂ ಕೂಡಿ 1992ರಾಗ ರುಮಟಾಯ್ಡ್ ಪೇಷಂಟ್‌ಗಳಿಗೆ ಇನ್‌ಫ್ಲಿಕ್ಸಿಮ್ಯಾಬ್ ಕೊಟ್ಟು ನೋಡಿದ್ರು, 2003ರಾಗ ಅವರಿಗೆ ಲಾಸ್ಕರ್ ಅನ್ನೋ ದೊಡ್ಡ ವೈದ್ಯಕೀಯ ಪ್ರಶಸ್ತಿ ಬಂತು. ಪಂಜಾಬಿನ ನೆಲದಾಗ ಹುಟ್ಟಿದವರ ಕೈಲೆ ಇಂಥಾ ಕೆಲಸ ಆತಲ್ಲ ಅಂತ ನನಗ ಹೆಮ್ಮಿ ಅನಸ್ತೈತಿ.

ಈ ಗುಂಪಿನಾಗ ನಮ್ಮ ಕಡೆ ಹೆಚ್ಚು ಬರೆದು ಕೊಡೋದು ಮೂರು. ಎಟಾನರ್ಸೆಪ್ಟ್, ಚರ್ಮದ ಕೆಳಗ ಮಾಡೋ ಸೂಜಿ, 50 ಮಿಲಿಗ್ರಾಂ ವಾರಕ್ಕೊಮ್ಮೆ ಇಲ್ಲಾ 25 ವಾರಕ್ಕ ಎರಡು ಸಲ. ಮೈಯಿಂದ ಜಲ್ದಿ ಹೋಗ್ತೈತಿ, ಇನ್‌ಫೆಕ್ಷನ್ ಬಂದು ನಿಲ್ಲಸಬೇಕಾದ್ರ ಅದ ಅನುಕೂಲ, ಟಿಬಿ ಭಯನೂ ಉಳಿದೆರಡಕ್ಕಿಂತ ಕಡಿಮಿ. ನಮ್ಮತ್ತಿಯವರಿಗೆ ಇದನ್ನ ಆರಿಸಿದ್ದಕ್ಕ ಕಾರಣ ಇದ. ಅಡಾಲಿಮುಮ್ಯಾಬ್, 40 ಮಿಲಿಗ್ರಾಂ, ಹದಿನೈದು ದಿನಕ್ಕೊಮ್ಮೆ, ಇದೂ ಮನ್ಯಾಗ ಮಾಡ್ಕೊಳ್ಳೋದು. ಇನ್‌ಫ್ಲಿಕ್ಸಿಮ್ಯಾಬ್ ಸಲಾಯಿನ್ ಮೂಲಕ, ದವಾಖಾನಿಯಾಗ ಎರಡು ತಾಸು ಕುಂದರಬೇಕು, ಶುರುವಿಗೆ ಒಂದು, ಎರಡನೇ ವಾರ, ಆರನೇ ವಾರ, ಆಮ್ಯಾಲ ಎಂಟು ವಾರಕ್ಕೊಮ್ಮೆ (ಆಂಕಿಲೋಸಿಂಗ್‌ಗೆ ಆರರಿಂದ ಎಂಟು). ಗೋಲಿಮುಮ್ಯಾಬ್ ಅಂತ ತಿಂಗಳಿಗೊಂದು ಮಾಡೋದೂ ಐತಿ.

ಎಟಾನರ್ಸೆಪ್ಟ್ ಹೆದರಿಕಿ ಕಡಿಮಿ ಐತಿ ಅಂತ ಎಲ್ಲಾರೂ ಅದನ್ನ ತಗೊಂಡ್ರ ಆತಲ್ಲ ಅಂತೀರೇನು? ಆಗಂಗಿಲ್ರಿ, ತಮ್ಮನ ಕಥಿ ಕೇಳ್ರಿ. ಅವ ರಬಕವಿಯಾಗ ಮಗ್ಗದ ಕೆಲಸ ಮಾಡಾವ, ವರ್ಷದಾಗ ಒಂದೆರಡು ಸಲ ಒಂದ ಕಣ್ಣು ಕೆಂಪಾಗಿ, ಬೆಳಕು ನೋಡಿದ್ರ ಚುಚ್ಚಿ ನೀರು ಬರ್ತಿತ್ತು. ನೂಲಿನ ಧೂಳು ಬಿದ್ದೇತಿ ಅಂತ ಎಲ್ಲಾರೂ ಅಂದುಕೊಂಡಿದ್ವಿ. ಕಣ್ಣಿನ ಡಾಕ್ಟ್ರು ನೋಡಿ ಯುವಿಯೈಟಿಸ್ ಅಂದ್ರು, ಅಂದ್ರ ಕಣ್ಣೊಳಗಿನ ಬಾವು, ಅದೂ ಇದ ಜಡ್ಡಿನ ಇನ್ನೊಂದು ಮುಖ. ಯುವಿಯೈಟಿಸ್ ಇದ್ದವರಿಗೆ ಎಟಾನರ್ಸೆಪ್ಟ್ ಹೊಂದಂಗಿಲ್ಲ, ಅಡಾಲಿಮುಮ್ಯಾಬ್ ಇಲ್ಲಾ ಇನ್‌ಫ್ಲಿಕ್ಸಿಮ್ಯಾಬ್ ಬೇಕು. ಕರುಳಿನ ಬಾವು, ಅಂದ್ರ ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್ ಇದ್ದವರಿಗೂ ಇದ ಮಾತು. ಹಂಗಾಗಿ ಅವಗ ಅಡಾಲಿಮುಮ್ಯಾಬ್. ಒಂದ ಮನಿ, ಇಬ್ಬರು ಪೇಷಂಟು, ಎರಡು ಬ್ಯಾರೆ ಸೂಜಿ, ಎರಡೂ ಸರಿನ.

ಹಾರ್ಟ್ ಫೇಲ್ಯೂರ್ ಜೋರಿದ್ದವರಿಗೆ, ನರದ ಮ್ಯಾಲಿನ ಪದರು ಹಾಳಾಗೋ ಮಲ್ಟಿಪಲ್ ಸ್ಕ್ಲೆರೋಸಿಸ್‌ನಂಥ ಜಡ್ಡಿದ್ದವರಿಗೆ ಈ ಗುಂಪ ಬ್ಯಾಡ. ಮತ್ತ ಅಡಾಲಿಮುಮ್ಯಾಬ್, ಇನ್‌ಫ್ಲಿಕ್ಸಿಮ್ಯಾಬ್ ತಗೊಳ್ಳೋ ರುಮಟಾಯ್ಡ್ ಪೇಷಂಟು ಮೆಥೋಟ್ರೆಕ್ಸೇಟ್ ಬಿಡಬಾರದು, ಯಾಕಂದ್ರ ಮೈ ಈ ಔಷಧದ ವಿರುದ್ಧನ ಆಂಟಿಬಾಡಿ ತಯಾರಿಸಿ ಅದನ್ನ ಕೆಲಸಕ್ಕ ಬಾರದಂಗ ಮಾಡ್ತೈತಿ, ಮೆಥೋಟ್ರೆಕ್ಸೇಟ್ ಅದನ್ನ ತಡಿತೈತಿ. ಇನ್‌ಫ್ಲಿಕ್ಸಿಮ್ಯಾಬ್‌ನ ಬಿಟ್ಟು ಬಿಟ್ಟು ತಗೊಂಡ್ರಂತೂ ಈ ಕಾಟ ಜಾಸ್ತಿ, ಮುಂದಿನ ಸಲಾಯಿನ್ ಹಾಕಿದಾಗ ರಿಯಾಕ್ಷನ್ನೂ ಬರಬಹುದು. ಕಬ್ಬಿನ ಬಿಲ್ಲು ಬಂದಾಗ ಒಂದು, ಮತ್ತ ಮುಂದಿನ ಬಿಲ್ಲಿಗೆ ಒಂದು ಅಂತ ಮಾಡೋ ಹಂಗಿದ್ರ ಇನ್‌ಫ್ಲಿಕ್ಸಿಮ್ಯಾಬ್ ಶುರು ಮಾಡಬ್ಯಾಡ್ರಿ.

ಟಿಎನ್‌ಎಫ್ ಬಿಟ್ಟು ಉಳಿದವು

ರಿಟುಕ್ಸಿಮ್ಯಾಬ್ ನಮ್ಮ ಭಾಗದ ರುಮಟಾಯ್ಡ್ ಮನಿಯವರಿಗೆ ವಿಚಾರ ಮಾಡೋವಂಥಾ ಔಷಧ. 1000 ಮಿಲಿಗ್ರಾಂ ಸಲಾಯಿನ್, ಹದಿನೈದು ದಿನ ಬಿಟ್ಟು ಇನ್ನೊಂದು, ಅಷ್ಟ, ಆಮ್ಯಾಲ ಸುಮಾರು ಆರು ತಿಂಗಳು ಏನೂ ಇಲ್ಲ. ದೂರದ ಹಳ್ಳಿಯಿಂದ ಬರೋರಿಗೆ, ಮನ್ಯಾಗ ಫ್ರಿಜ್ ಇಲ್ಲದವರಿಗೆ, ಸೂಜಿ ಮಾಡ್ಕೊಳ್ಳಾಕ ಅಂಜೋರಿಗೆ ಇದು ಚಲೋ. ಟಿಬಿ ಭಯನೂ ಟಿಎನ್‌ಎಫ್ ಸೂಜಿಗಿಂತ ಕಡಿಮಿ. ಆರ್‌ಎಫ್ ಇಲ್ಲಾ ಆಂಟಿ ಸಿಸಿಪಿ ಪಾಸಿಟಿವ್ ಇದ್ದವರಿಗೆ ಹೆಚ್ಚು ಹತ್ತತೈತಿ, ನೆಗೆಟಿವ್ ಇದ್ರ ಅಷ್ಟು ಭರವಸಿ ಇಡಬ್ಯಾಡ್ರಿ, ಆಂಕಿಲೋಸಿಂಗ್‌ಗಂತೂ ಇದು ಅಲ್ಲ. ಇದರ ದೊಡ್ಡ ಅಪಾಯ ಹೆಪಟೈಟಿಸ್ ಬಿ. ಹಿಂದ ಯಾವಾಗೋ ಕಾಮಾಲಿ ಆಗಿ ಹೋಗಿದ್ದ ವೈರಸ್ ಎದ್ದು ಲಿವರ್ ಹಾಳು ಮಾಡಬಹುದು, ಅದಕ್ಕ ಎಚ್‌ಬಿಎಸ್‌ಎಜಿ ಟೆಸ್ಟು ಒಂದ ಸಾಲಂಗಿಲ್ಲ, ಆಂಟಿ ಎಚ್‌ಬಿಸಿ ಅನ್ನೋದನ್ನೂ ಮಾಡಸ್ರಿ. ಇದರ ಮ್ಯಾಲ ಲಸಿಕಿ ಸರಿಯಾಗಿ ಹತ್ತಂಗಿಲ್ಲ, ಹಂಗಾಗಿ ನ್ಯುಮೋನಿಯಾ, ಫ್ಲೂ ಲಸಿಕಿ ಶುರು ಮಾಡೋಕ್ಕಿಂತ ಮೊದಲ ಮುಗಿಸ್ರಿ.

ಟೊಸಿಲಿಝುಮ್ಯಾಬ್ ಐಎಲ್-6 ಅನ್ನೋ ಇನ್ನೊಂದು ಬಾವಿನ ರಾಸಾಯನಿಕ ತಡಿಯೋದು, ಕೊರೊನಾ ಎರಡನೇ ಅಲಿಯಾಗ ಇದರ ಹೆಸರು ಎಲ್ಲಾರ ಕಿವಿಗೆ ಬಿತ್ತು. ಮೆಥೋಟ್ರೆಕ್ಸೇಟ್ ತಡಕೊಳ್ಳಲಾರದವರಿಗೆ, ಅಂದ್ರ ಅದನ್ನ ತಗೊಂಡ್ರ ವಾಂತಿ ಬರೋರಿಗೆ, ಲಿವರ್ ರಿಪೋರ್ಟಿನ ಅಂಕಿ ಏರೋರಿಗೆ, ಒಂಟಿಯಾಗಿ ಕೊಡಾಕ ಇದು ಟಿಎನ್‌ಎಫ್ ಸೂಜಿಗಿಂತ ಚಲೋ ಅಂತ ಡಾಕ್ಟ್ರು ಆರಿಸ್ತಾರ. ಆದ್ರ ಇದೂ ಲಿವರ್, ಕೊಲೆಸ್ಟ್ರಾಲ್ ಏರಸ್ತೈತಿ, ರಕ್ತ ನೋಡ್ತಾ ಇರಬೇಕು. ಒಂದು ಮಾತು ಮನ್ಯಾಗಿನವರೆಲ್ಲಾ ತಿಳ್ಕೊಂಡಿರಬೇಕು: ಈ ಔಷಧದ ಮ್ಯಾಲ ಇದ್ದಾಗ ರಕ್ತದಾಗ ಬಾವು ತೋರಿಸೋ ಸಿಆರ್‌ಪಿ ತಾನ ಕೆಳಗ ಇಳದಿರ್ತೈತಿ, ಒಳಗ ಇನ್‌ಫೆಕ್ಷನ್ ಇದ್ರೂ ರಿಪೋರ್ಟು ನಾರ್ಮಲ್ ಬರಬಹುದು, ಜ್ವರನೂ ಜೋರು ಬರಲಿಕ್ಕಿಲ್ಲ. ಹೊಟ್ಟಿಬ್ಯಾನಿ ಜೋರಾದ್ರ ಆಸಿಡಿಟಿ ಅಂತ ಸುಮ್ಮನ ಕುಂದರಬ್ಯಾಡ್ರಿ, ಅಪರೂಪಕ್ಕ ಕರುಳು ತೂತು ಬೀಳೋದೂ ಐತಿ.

ಸೋರಿಯಾಸಿಸ್ ಆರ್ಥ್ರೈಟಿಸ್, ಆಂಕಿಲೋಸಿಂಗ್ ಇದ್ದವರಿಗೆ ಸೆಕುಕಿನುಮ್ಯಾಬ್, ಐಎಲ್-17 ತಡಿಯೋ ಸೂಜಿ. ಚರ್ಮ ಭಾಳ ಕೆಟ್ಟಿದ್ದವರಿಗೆ ಇದು ಕಣ್ಣಿಗೆ ಕಾಣೋ ಹಂಗ ಸುಧಾರಣಿ ತರ್ತೈತಿ, ಟಿಬಿ ಚಿಂತಿ ಇದ್ದವರಿಗೂ ಟಿಎನ್‌ಎಫ್‌ಗಿಂತ ಸಮಾಧಾನ. ರುಮಟಾಯ್ಡ್‌ಗೆ ಇದು ಅಲ್ಲ. ಕರುಳಿನ ಬಾವು ಇದ್ದವರಿಗೆ ಕೊಡಬಾರದು, ಕೆರಳಬಹುದು. ಬಾಯಾಗ ಬಿಳಿ ಫಂಗಸ್ ಬರೋದುಂಟು, ಅದು ಔಷಧಕ್ಕ ಹೋಗ್ತೈತಿ. ಅಬಟಾಸೆಪ್ಟ್ ಅಂತ ಇನ್ನೊಂದು ಐತಿ, ರುಮಟಾಯ್ಡ್‌ಗೆ, ಇನ್‌ಫೆಕ್ಷನ್ ಪದೇ ಪದೇ ಬರೋರಿಗೆ ಡಾಕ್ಟ್ರು ಯೋಚನಿ ಮಾಡ್ತಾರ.

ಗುಳಿಗಿನ ಇರೋವಾಗ ಸೂಜಿ ಯಾಕ?

ಟೊಫಾಸಿಟಿನಿಬ್, ಬ್ಯಾರಿಸಿಟಿನಿಬ್, ಉಪಾಡಾಸಿಟಿನಿಬ್, ಇವು ಜ್ಯಾಕ್ (ಜೀವಕೋಶದೊಳಗ ಬಾವಿನ ಸಂದೇಶ ದಾಟಿಸೋ ಕಿಣ್ವ) ತಡಿಯೋ ಗುಳಿಗಿ, ಬಯೋಲಾಜಿಕ್ ಅಲ್ಲ ಆದ್ರ ತಾಕತ್ತಿನಾಗ ಅವುಗಳ ಸಾಲಿನಾಗ ಕೂಡ್ತಾವ. ಟೊಫಾಸಿಟಿನಿಬ್ 5 ಮಿಲಿಗ್ರಾಂ ದಿನಕ್ಕ ಎರಡು ಸಲ, ನಮ್ಮ ದೇಶದ ಕಂಪನಿಗಳು ಜೆನೆರಿಕ್ ತಯಾರು ಮಾಡಿದ ಮ್ಯಾಲ ಬಯೋಲಾಜಿಕ್‌ಗೆ ಹೋಲಿಸಿದ್ರ ಭಾಳ ಸೋವಿ ಆಗೇತಿ. ಫ್ರಿಜ್ ಬ್ಯಾಡ, ಸೂಜಿ ಬ್ಯಾಡ. ಹಂಗಾಗಿ ನಮ್ಮ ಕಡೆ ಎಷ್ಟೋ ಮಂದಿಗೆ ಇದ ಕೈಗೆಟಕೋದು, ಮತ್ತ ವಯಸ್ಸು ಸಣ್ಣದಿದ್ದು ಬ್ಯಾರೆ ಜಡ್ಡಿಲ್ಲದವರಿಗೆ ಇದು ಕೆಟ್ಟ ಆಯ್ಕಿ ಅಲ್ಲ.

ಆದ್ರ 50 ದಾಟಿದವರಿಗೆ, ಅದರಾಗೂ ಬಿಪಿ, ಸಕ್ಕರಿ, ಬೀಡಿ ಸಿಗರೇಟು, ಹಾರ್ಟಿನ ಇತಿಹಾಸ ಇದ್ದವರಿಗೆ ಕೆಂಪು ದೀಪ ಐತಿ. ಅಂಥಾ ಪೇಷಂಟ್‌ಗಳ ಮ್ಯಾಲನ ಮಾಡಿದ ದೊಡ್ಡ ಸ್ಟಡಿಯಾಗ ಟಿಎನ್‌ಎಫ್ ಸೂಜಿಗಿಂತ ಟೊಫಾಸಿಟಿನಿಬ್ ತಗೊಂಡವರಿಗೆ ಹಾರ್ಟ್ ಅಟ್ಯಾಕು, ಕ್ಯಾನ್ಸರು, ರಕ್ತ ಹೆಪ್ಪುಗಟ್ಟೋದು ಜಾಸ್ತಿ ಕಂಡಿತು, 2021ರಾಗ ಅಮೆರಿಕಾದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಇಡೀ ಗುಂಪಿಗೆ ಎಚ್ಚರಿಕಿ ಹಾಕಿತು. ಸರ್ಪಸುತ್ತೂ ಇದರ ಮ್ಯಾಲ ಹೆಚ್ಚು. ಟಿಬಿ ಟೆಸ್ಟು ಇದಕ್ಕೂ ಬೇಕ. ಮೆಡಿಕಲ್ ಅಂಗಡಿಯಾಗ ಹಳೆ ಚೀಟಿ ತೋರಿಸಿ ತಿಂಗಳಾನುಗಟ್ಟಲೆ ತಗೋತಾ ಹೋಗೋದನ್ನ ನೋಡೀನಿ, ರಕ್ತ ಟೆಸ್ಟಿಲ್ಲದ ಹಂಗ ಮಾಡಬ್ಯಾಡ್ರಿ, ನಿಮಗ ಕೈ ಮುಗಿತೀನಿ.

ರೊಕ್ಕದ ಲೆಕ್ಕ

ಒಂದು ಸೂಜಿ ರೇಟು ಕೇಳಿ ಹೋಲಿಸಬ್ಯಾಡ್ರಿ, ಮೊದಲನೇ ವರ್ಷದ ಒಟ್ಟು ಲೆಕ್ಕ ಹಾಕ್ರಿ. ಎಟಾನರ್ಸೆಪ್ಟ್ 50 ಅಂದ್ರ ವರ್ಷಕ್ಕ 52, ಅಡಾಲಿಮುಮ್ಯಾಬ್ 26, ಸೆಕುಕಿನುಮ್ಯಾಬ್ ಮೊದಲ ಐದು ವಾರ ವಾರಕ್ಕೊಂದು ಆಮ್ಯಾಲ ತಿಂಗಳಿಗೊಂದು ಅಂತ ಹಿಡದ್ರ ಸುಮಾರು 16 ಸಲ, ಇನ್‌ಫ್ಲಿಕ್ಸಿಮ್ಯಾಬ್ 8 ಸಲ, ರಿಟುಕ್ಸಿಮ್ಯಾಬ್ 4 ಸಲಾಯಿನ್. ಇನ್‌ಫ್ಲಿಕ್ಸಿಮ್ಯಾಬ್‌ದು ತೂಕದ ಮ್ಯಾಲ: ರುಮಟಾಯ್ಡ್‌ಗೆ ಕಿಲೋಗೆ 3 ಮಿಲಿಗ್ರಾಂ, 60 ಕಿಲೋ ಇದ್ದವರಿಗೆ 180, ಅಂದ್ರ 100ರ ವೈಲು ಎರಡು, ಆಂಕಿಲೋಸಿಂಗ್‌ಗೆ ಕಿಲೋಗೆ 5, ಅದ ತೂಕಕ್ಕ ಮೂರು ವೈಲು. ಇದರ ಮ್ಯಾಲ ದವಾಖಾನಿ ಚಾರ್ಜು, ಬಸ್ಸು, ಜೋಡಿ ಬರೋರ ಒಂದಿನದ ಕೂಲಿ ಎಲ್ಲಾ ಸೇರಸ್ರಿ.

ಬಯೋಸಿಮಿಲರ್ (ಮೂಲ ಬಯೋಲಾಜಿಕ್ ಹಂಗ ಬ್ಯಾರೆ ಕಂಪನಿ ಮಾಡಿದ ಔಷಧ) ಅಂದ್ರ ಡೂಪ್ಲಿಕೇಟ್ ಅಂತ ತಿಳ್ಕೊಂಡವರಿಗೆ ಹೇಳೋದು, ಅಡಾಲಿಮುಮ್ಯಾಬ್‌ನ ಬಯೋಸಿಮಿಲರ್ ಜಗತ್ತಿನಾಗ ಮೊದಲ ಬಂದಿದ್ದು ನಮ್ಮ ದೇಶದಾಗ, ಅಹಮದಾಬಾದಿನ ಝೈಡಸ್ ಕಂಪನಿ 2014ರಾಗ ಎಕ್ಸೆಂಪ್ಶಿಯಾ ತಂತು, ಅಮೆರಿಕಾದ ಮಾರ್ಕೆಟ್ಟಿಗೆ ಅಡಾಲಿಮುಮ್ಯಾಬ್ ಬಯೋಸಿಮಿಲರ್ ಬಂದಿದ್ದು 2023ಕ್ಕ. ಹೈದರಾಬಾದಿನ ಡಾ. ರೆಡ್ಡೀಸ್‌ನ ರೆಡಿಟಕ್ಸ್, ಅದು ರಿಟುಕ್ಸಿಮ್ಯಾಬ್, 2007ರಿಂದ ಐತಿ. ನಾರ್ವೇದಾಗ ಸರ್ಕಾರದ ರೊಕ್ಕದಲೆ ಮಾಡಿದ ನಾರ್‌ಸ್ವಿಚ್ ಸ್ಟಡಿಯಾಗ ಮೂಲ ಇನ್‌ಫ್ಲಿಕ್ಸಿಮ್ಯಾಬ್ ಬಿಟ್ಟು ಬಯೋಸಿಮಿಲರ್‌ಗೆ ಬದಲಾದವರೂ ಹಿಂದ ಬೀಳಲಿಲ್ಲ. ನಮ್ಮ ಮನ್ಯಾಗ ಎರಡೂ ಬಯೋಸಿಮಿಲರ್‌ನ. ಆದ್ರ ತಿಂಗಳಿಗೊಂದು ಬ್ರ್ಯಾಂಡು ಅಂತ ಅಂಗಡಿಯವ ಕೊಟ್ಟಿದ್ದನ್ನ ತಗೋಬ್ಯಾಡ್ರಿ, ಬ್ರ್ಯಾಂಡು, ಬ್ಯಾಚ್ ನಂಬರು ಒಂದು ನೋಟಬುಕ್ಕಿನಾಗ ಬರದಿಡ್ರಿ.

ಇನ್ಶೂರೆನ್ಸ್ ಇದ್ದವರು ಒಂದು ಮಾತು ನೆನಪಿಡ್ರಿ, ಇನ್ಶೂರೆನ್ಸ್ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2019ರಾಗ ಪಾಲಿಸಿಯಿಂದ ಹೊರಗ ಇಡಬಾರದ ಆಧುನಿಕ ಚಿಕಿತ್ಸೆಗಳ ಪಟ್ಟಿ ಮಾಡಿತು, ಅದರಾಗ ಇಂಜೆಕ್ಷನ್ ಮೂಲಕ ಕೊಡೋ ಮೋನೋಕ್ಲೋನಲ್ ಆಂಟಿಬಾಡಿ (ಹೆಸರಿನ ಕೊನಿಗೆ "ಮ್ಯಾಬ್" ಇರೋವು) ಇತ್ತು. ಕಂಪನಿಯವರು ಇಷ್ಟ ರೂಪಾಯಿ ಮಟ ಅಂತ ಮಿತಿ ಹಾಕಿರ್ತಾರ, ಅದನ್ನ ಕೇಳ್ರಿ. ಅಡ್ಮಿಟ್ ಆಗಿ ಇಲ್ಲಾ ಡೇಕೇರ್‌ನಾಗ ತಗೊಳ್ಳೋ ಸಲಾಯಿನ್‌ಗೆ ಕ್ಲೇಮು ಸಿಗೋ ದಾರಿ ಇರ್ತೈತಿ, ಮನ್ಯಾಗ ಮಾಡ್ಕೊಂಡ ಪೆನ್ನಿಗೆ (ಪೆನ್ನಿನಂಥ ರೆಡಿ ಸೂಜಿ) ಸಾಮಾನ್ಯಕ್ಕ ಕಷ್ಟ. ಬರೇ ಈ ಕಾರಣಕ್ಕ ಪೆನ್ನಿಗಿಂತ ಸಲಾಯಿನ್ ಕೈಗೆ ಸೋವಿ ಬೀಳಬಹುದು. ಆಯುಷ್ಮಾನ್ ಕಾರ್ಡಿನವರು ಆರೋಗ್ಯ ಮಿತ್ರ ಕೌಂಟರಿನಾಗ, ಇಎಸ್‌ಐ ಇದ್ದವರು ಅವರ ಡಿಸ್ಪೆನ್ಸರಿಯಾಗ ಔಷಧದ ಹೆಸರು ಬರದ ಚೀಟಿ ತೋರಿಸಿ ಕೇಳ್ರಿ. ಕಂಪನಿಯವರ ಪೇಷಂಟ್ ಸ್ಕೀಮ್ ಐತೇನು ಅಂತ ಡಾಕ್ಟ್ರ ಅಸಿಸ್ಟಂಟ್‌ನ ಕೇಳಾಕ ಸಂಕೋಚ ಬ್ಯಾಡ.

ಫ್ರಿಜ್ಜು, ಬಸ್ಸು, ಬಿಸಲು

ಪೆನ್ನು 2ರಿಂದ 8 ಡಿಗ್ರಿಯಾಗ ಇರಬೇಕು. ವಿಜಯಪುರದಾಗ ಏಪ್ರಿಲ್ ಮೇ ಅಂದ್ರ 40 ದಾಟ್ತೈತಿ, ಬೆಳಗಾವಿ ಇಲ್ಲಾ ಹುಬ್ಬಳ್ಳಿಯಾಗ ತಗೊಂಡು ಬಸ್ಸಿನಾಗ ತರೋರು ಥರ್ಮಾಕೋಲ್ ಡಬ್ಬಿ, ಜೆಲ್ ಪ್ಯಾಕು ಒಯ್ಯಬೇಕು, ಜೆಲ್ ಪ್ಯಾಕಿಗೆ ಪೇಪರ್ ಸುತ್ತಿ ಇಡ್ರಿ, ಔಷಧಕ್ಕ ನೇರ ತಾಗಿ ಗಡ್ಡೆ ಕಟ್ಟಿದ್ರ ಅದನ್ನ ಚೆಲ್ಲೋದ. ನಾವು ಒಂದು ಬಾಗಲಿನ ಸಣ್ಣ ಫ್ರಿಜ್ಜಿನಾಗ ನಡೂ ಕಪಾಟಿನ ಮುಂದಿನ ಭಾಗದಾಗ ಸ್ಟೀಲ್ ಡಬ್ಬಿಯೊಳಗ ಇಡ್ತೀವಿ, ಬಾಗಲದಾಗ ಇಟ್ರ ತೆಗೆದು ಹಾಕೋದರಾಗ ಬೆಚ್ಚಗಾಗ್ತೈತಿ, ಹಿಂದ ಫ್ರೀಜರ್ ಗೋಡಿಗೆ ಹತ್ತಿದ್ರ ಹೆಪ್ಪುಗಟ್ಟತೈತಿ. ಕರೆಂಟ್ ಹೋದ್ರ ಬಾಗಲ ತೆಗಿಯೋದಿಲ್ಲ ಅಂತ ಮಕ್ಕಳಿಗೂ ಹೇಳಿಟ್ಟೀವಿ. ಮಾಡೋಕ್ಕಿಂತ ಅರ್ಧ ತಾಸು ಮೊದಲ ಹೊರಗ ತೆಗೆದಿಟ್ರ ಚುರುಚುರು ಕಡಿಮಿ. ತೊಡಿ ಇಲ್ಲಾ ಹೊಕ್ಕಳದಿಂದ ಎರಡಿಂಚು ದೂರ ಹೊಟ್ಟಿ, ಪ್ರತಿ ಸಲ ಜಾಗ ಬದಲಿ, ಆಮ್ಯಾಲ ತಿಕ್ಕಬಾರದು. ನಮ್ಮತ್ತಿಯವರ ಬೆರಳಿಗೆ ಪೆನ್ನು ಒತ್ತೋ ಶಕ್ತಿ ಇದ್ದಿಲ್ಲ, ಹಂಗಾಗಿ ನಾನ ಮಾಡ್ತೀನಿ. ಮಾಡೋರು ಯಾರೂ ಇಲ್ಲದ ಮನಿ ಆಗಿದ್ರ ಅದೂ ಸಲಾಯಿನ್ ಕಡೆ ವಾಲಾಕ ಒಂದು ಕಾರಣ.

ಸಲಾಯಿನ್‌ಗೆ ಜಾಗ ಬೇಕಂದ್ರ ಬೆಳಗಾವಿಯ ಕೆಎಲ್‌ಇ, ವಿಜಯಪುರದ ಬಿಎಲ್‌ಡಿಇ, ಬಾಗಲಕೋಟಿಯ ಕುಮಾರೇಶ್ವರ ಇಂಥಾ ಮೆಡಿಕಲ್ ಕಾಲೇಜ್ ದವಾಖಾನಿಗಳು ಅದಾವ. ರುಮಟಾಲಜಿಸ್ಟ್ ಯಾವ ದಿನ ಕೂಡ್ತಾರ ಅಂತ ಫೋನ್ ಮಾಡಿ ಕೇಳಿ ಹೋಗ್ರಿ. ಒಂದು ಸಲ ದೊಡ್ಡ ಊರಾಗ ರುಮಟಾಲಜಿಸ್ಟ್‌ಗೆ ತೋರಿಸಿ ಔಷಧ ಗಟ್ಟಿ ಮಾಡ್ಕೊಂಡು, ಆಮ್ಯಾಲ ಸನಿಹದ ಫಿಜಿಷಿಯನ್ ಕೈಯಾಗ ನಡೆಸೋರೂ ಭಾಳ ಮಂದಿ, ಎರಡೂ ಡಾಕ್ಟ್ರಿಗೂ ಒಂದ ಫೈಲು ತೋರಸ್ರಿ.

ಮದುವಿ, ಬಸುರಿ, ಕೂಸು

ರುಮಟಾಯ್ಡ್ ಸಣ್ಣ ವಯಸ್ಸಿನ ಹೆಣ್ಮಕ್ಕಳಿಗೂ ಬರ್ತೈತಿ, ಮನ್ಯಾಗ ಈ ಮಾತು ಯಾರೂ ತೆಗಿಯಂಗಿಲ್ಲ. ಮೆಥೋಟ್ರೆಕ್ಸೇಟ್, ಲೆಫ್ಲುನೊಮೈಡ್ ಗುಳಿಗಿ ಬಸುರಿಯಾಗೋ ಮೊದಲ ನಿಲ್ಲಸಬೇಕು, ಜ್ಯಾಕ್ ಗುಳಿಗಿನೂ ಬ್ಯಾಡ. ಟಿಎನ್‌ಎಫ್ ಸೂಜಿಗಳನ್ನ ಡಾಕ್ಟ್ರ ಕಣ್ಣ ಕೆಳಗ ನಡೆಸಬಹುದು, ಅವುಗಳೊಳಗ ಸರ್ಟೊಲಿಝುಮ್ಯಾಬ್ ಮಗುವಿಗೆ ದಾಟೋದು ಭಾಳ ಕಡಿಮಿ. ಕಡಿ ತಿಂಗಳುಗಳಾಗ ಅಡಾಲಿಮುಮ್ಯಾಬ್ ಇಲ್ಲಾ ಇನ್‌ಫ್ಲಿಕ್ಸಿಮ್ಯಾಬ್ ತಗೊಂಡಿದ್ರ ಹೆರಿಗಿ ದವಾಖಾನಿಯಾಗ ಮೊದಲ ಹೇಳಿಡ್ರಿ, ಯಾಕಂದ್ರ ನಮ್ಮಲ್ಲಿ ಹುಟ್ಟಿದ ಕೂಸಿಗೆ ಕೂಡ್ಲೇ ಬಿಸಿಜಿ ಹಾಕ್ತಾರ, ಅದು ಜೀವಂತ ಲಸಿಕಿ, ಅಂಥಾ ಕೂಸಿಗೆ ಸಾಮಾನ್ಯಕ್ಕ ಆರು ತಿಂಗಳು ಮುಂದಕ್ಕ ಹಾಕ್ತಾರ. ತವರಮನಿಗೆ ಬಾಣಂತನಕ್ಕ ಹೋದಾಗ ಅಲ್ಲಿನ ನರ್ಸಿಗೆ ಇದು ಗೊತ್ತಿರಂಗಿಲ್ಲ, ಅವ್ವಗೂ ಅಪ್ಪಗೂ ಚೀಟಿ ಬರದು ಕೊಟ್ಟು ಕಳಸ್ರಿ.

ಹತ್ತೇತೋ ಇಲ್ಲೋ, ಬದಲಿ ಯಾವಾಗ

ಮೂರು ತಿಂಗಳು ಕೊಟ್ಟು ನೋಡಬೇಕು. "ಆರಾಮ ಅನಸ್ತೈತಿ" ಅನ್ನೋದರ ಜೋಡಿ ಅಂಕಿ ಕೇಳ್ರಿ: ರುಮಟಾಯ್ಡ್‌ಗೆ 28 ಕೀಲು ಮುಟ್ಟಿ ನೋಡಿ ಹಾಕೋ ಡಾಸ್28 ಸ್ಕೋರು, 2.6ರ ಕೆಳಗ ಬಂದ್ರ ಜಡ್ಡು ತಣ್ಣಗಾಗೇತಿ ಅಂತ ಅರ್ಥ. ಆಂಕಿಲೋಸಿಂಗ್‌ಗೆ ಬಾಸ್ಡಾಯ್ ಅನ್ನೋ ಸ್ಕೋರು, 4 ಇಲ್ಲಾ ಅದಕ್ಕಿಂತ ಮ್ಯಾಲ ಇದ್ರ ಇನ್ನೂ ಜೋರೈತಿ. ಮೊದಲನೇ ಟಿಎನ್‌ಎಫ್ ಸೂಜಿ ಶುರುವಿನಿಂದನ ಹತ್ತಲಿಲ್ಲಂದ್ರ ಬ್ಯಾರೆ ಗುಂಪಿಗೆ ಹೋಗೋದು ಲೇಸು, ವರ್ಷಗಟ್ಟಲೆ ಕೆಲಸ ಮಾಡಿ ಆಮ್ಯಾಲ ಕೈಕೊಟ್ರ ಅದ ಗುಂಪಿನ ಇನ್ನೊಂದೂ ಹತ್ತಬಹುದು. ಎರಡು ಬಯೋಲಾಜಿಕ್ ಕೂಡೆ ಕೊಡೋದಿಲ್ಲ. ಬೀಡಿ ಸಿಗರೇಟು ಸೇದೋರಿಗೆ ಟಿಎನ್‌ಎಫ್ ಸೂಜಿ ಸರಿಯಾಗಿ ಹತ್ತಂಗಿಲ್ಲ, ಸಾವಿರಾರು ರೂಪಾಯಿ ಸೂಜಿಗೆ ಹಾಕಿ ಹತ್ತು ರೂಪಾಯಿ ಬೀಡಿ ಬಿಡದ ಇರೋದು ನೋಡಿದ್ರ ಹೊಟ್ಟಿ ಉರಿತೈತಿ.

ಪೂರಾ ತಣ್ಣಗಾಗಿ ಭಾಳ ದಿನ ಹಂಗ ಉಳದ್ರ ಡಾಕ್ಟ್ರು ಸೂಜಿ ನಡುವಿನ ಅಂತರ ನಿಧಾನ ಹೆಚ್ಚು ಮಾಡ್ತಾರ, ನೀವ ಮಾಡಬ್ಯಾಡ್ರಿ. ಮೊಣಕಾಲು ಬದಲಾಯಿಸೋ ಆಪರೇಷನ್ ಇದ್ರ ಒಂದು ಡೋಸು ಬಿಟ್ಟು, ಮುಂದಿನದು ಬರೋ ಹೊತ್ತಿಗೆ ದಿನ ಇಟ್ಕೊಳ್ತಾರ, ಎಲುಬಿನ ಡಾಕ್ಟ್ರಿಗೂ ಸೂಜಿ ತಾರೀಖು ಹೇಳ್ರಿ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು, ಸಂಜಿ ಜ್ವರ, ತೂಕ ಇಳಿಯೋದು, ಕುತ್ತಿಗ್ಯಾಗ ಗಂಟು ಕಂಡ್ರ ಮುಂದಿನ ಸೂಜಿ ಮಾಡಬ್ಯಾಡ್ರಿ, ಮೊದಲ ಡಾಕ್ಟ್ರಿಗೆ ತೋರಸ್ರಿ. ಜೋರು ಜ್ವರ, ಉಸುರು ಕಟ್ಟೋದು ಇದ್ರ ಅದ ದಿನ ದವಾಖಾನಿಗೆ ಹೋಗ್ರಿ, ಬಾಗಲದಾಗ ಕಾಲಿಡೋವಾಗನ ಬಯೋಲಾಜಿಕ್ ತಗೋತೀವಿ ಅಂತ ಹೇಳ್ರಿ. ತಮ್ಮನ ಪಾಕೀಟಿನಾಗ ಔಷಧದ ಹೆಸರು, ಡೋಸು, ಕೊನೇ ಸೂಜಿ ತಾರೀಖು ಬರದ ಒಂದು ಚೀಟಿ ಯಾವಾಗ್ಲೂ ಇರ್ತೈತಿ, ಪ್ರತಿ ಹದಿನೈದು ದಿನಕ್ಕ ತಾರೀಖು ಹೊಡದು ಹೊಸದು ಬರಿತಾನ.